ಅಡುಗೆಮನೆಯ ಕಪಾಟನ್ನು ಹಗುರಗೊಳಿಸುವ ಬಗೆ
ಅಡುಗೆಮನೆಯನ್ನು ಹಗುರಗೊಳಿಸಬೇಕೆನ್ನುವವರು ಬೇಳೆಕಾಳು ಮತ್ತು ಪುಡಿಗಳ ಡಬ್ಬಿಗಳಿಂದ ಆರಂಭಿಸುವುದು ಒಳ್ಳೆಯದು. ಕಪಾಟಿನ ಒಂದು ಅಂಕಣವನ್ನು ಪೂರ್ತಿ ಖಾಲಿ ಮಾಡಿ, ಪ್ರತಿ ಡಬ್ಬಿಯ ಮುಚ್ಚಳ ತೆರೆದು ಮೂಸಿ ನೋಡಿ, ಘಮ ಕಳೆದುಕೊಂಡ ಸಾರಿನ ಪುಡಿ, ಕಮಟು ಹಿಡಿದ ಕಡಲೆಕಾಯಿ ಬೀಜ, ಹುಳು ಬಲೆ ಕಟ್ಟಿ ಗಂಟುಗಂಟಾದ ರವೆ ಇವನ್ನು ಹಿಂಜರಿಯದೆ ತೆಗೆದುಹಾಕಬೇಕು; ಕೊಟ್ಟ ಬೆಲೆಯನ್ನು ನೆನೆದು ಇಟ್ಟುಕೊಂಡರೂ ಅವು ಅಡುಗೆಗೆ ಒದಗುವುದಿಲ್ಲ. ಚೆನ್ನಾಗಿರುವ ರವೆಯನ್ನು ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ತುಂಬಿಡಬೇಕು, ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರೊಡೆದು ಬೂಷ್ಟು ಹಿಡಿಯುತ್ತದೆ. ಹೊಸ ಬೇಳೆಯನ್ನು ಹಳೆಯದರ ಮೇಲೆ ಸುರಿಯುವ ರೂಢಿಯನ್ನು ಬಿಡಲೇಬೇಕು, ಏಕೆಂದರೆ ತಳದಲ್ಲಿ ಉಳಿದ ಕಾಳಿನ ಹುಳುವೇ ಮೇಲಿನದಕ್ಕೂ ಹರಡುತ್ತದೆ. ಚಕ್ಕುಲಿ ಒರಳಿನಂತಹ ಹಬ್ಬದ ಸಾಮಾನು ಅಟ್ಟಕ್ಕೆ ಹೋಗಲಿ. ನಿತ್ಯ ಬೇಕಾಗುವ ಒಗ್ಗರಣೆ ಡಬ್ಬಿಯನ್ನು ಒಲೆಯ ಶಾಖ ತಾಗದಂತೆ, ಆದರೆ ಕೈಗೆಟುಕುವಂತೆ ಇಡಬೇಕು.