ಕ್ರಾಂಡೋರ್‌ಗೆ ಹೋಗಿ ಜೀವಂತ ಮರಳುವುದು ಹೇಗೆ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದ ಕ್ರಾಂಡೋರ್, ಎಲ್ವಾರ್ಗ್ ಎಂಬ ಹಸಿರು ಡ್ರ್ಯಾಗನ್ ಸುಟ್ಟು ಹಾಳುಗೆಡವಿದ ದ್ವೀಪ. ಅಲ್ಲಿ ಊರಿಲ್ಲ, ಬ್ಯಾಂಕಿಲ್ಲ, ಅಂಗಡಿಯೂ ಇಲ್ಲ. ‘ಡ್ರ್ಯಾಗನ್ ಸ್ಲೇಯರ್ I’ ಕ್ವೆಸ್ಟ್ (ಆ ಡ್ರ್ಯಾಗನ್ನನ್ನು ಕೊಲ್ಲುವ ಸಾಹಸ) ಮಾಡುವವರೆಲ್ಲ ಹೆದರುವುದು ಡ್ರ್ಯಾಗನ್‌ಗೆ. ಆದರೆ ಹೆಚ್ಚಿನವರು ಎಡವುವುದು ತಯಾರಿಯಲ್ಲಿ ಮತ್ತು ವಾಪಸ್ ಬರುವ ದಾರಿಯಲ್ಲಿ.

ಕ್ವೆಸ್ಟ್ ಶುರುವಾಗುವುದು ವ್ಯಾರಾಕ್‌ನ ಪಕ್ಕದ ಚಾಂಪಿಯನ್ಸ್ ಗಿಲ್ಡ್‌ನಲ್ಲಿ. ಒಳಗೆ ಬಿಡಬೇಕಾದರೆ 32 ಕ್ವೆಸ್ಟ್ ಪಾಯಿಂಟ್ ಇರಬೇಕು. ಗಿಲ್ಡ್‌ಮಾಸ್ಟರ್ ಹತ್ತಿರ ಮಾತಾಡಿ, ಎಡ್ಜ್‌ವಿಲ್‌ನ ಓಝಿಯಾಕ್‌ನನ್ನು ಕಂಡು, ಮತ್ತೆ ಗಿಲ್ಡ್‌ಮಾಸ್ಟರ್ ಬಳಿಗೇ ಬನ್ನಿ. ಅವನ ಮುಂದಿರುವ ಪ್ರಶ್ನೆಗಳನ್ನು ಒಂದೂ ಬಿಡದೆ ಕೇಳಿ; ಮೆಲ್ಝಾರ್ಸ್ ಮೇಜ್ ಎಂಬ ಚಕ್ರವ್ಯೂಹದ ಕೀ ಕೊಡುವವನೂ ಅವನೇ.

ದ್ವೀಪದ ನಕ್ಷೆ ಮೂರು ತುಂಡಾಗಿದೆ. ಮೊದಲನೆಯದು ಮೆಲ್ಝಾರ್ಸ್ ಮೇಜ್‌ನಲ್ಲಿ. ಜೋಂಬಿ ಇಲಿಯಿಂದ ಕೆಂಪು, ದೆವ್ವದಿಂದ ಕಿತ್ತಳೆ, ಅಸ್ಥಿಪಂಜರದಿಂದ ಹಳದಿ, ಜೋಂಬಿಯಿಂದ ನೀಲಿ, ಮೆಲ್ಝಾರ್‌ನಿಂದ ಮಜೆಂಟಾ, ಲೆಸ್ಸರ್ ಡೀಮನ್‌ನಿಂದ ಹಸಿರು, ಹೀಗೆ ಒಂದೊಂದನ್ನೇ ಕೊಂದಂತೆ ಈ ಕ್ರಮದಲ್ಲಿ ಬಾಗಿಲುಗಳ ಕೀಗಳು ಸಿಗುತ್ತವೆ. ಕೊನೆಯ ಮೂರು ನೆಲಮಾಳಿಗೆಯಲ್ಲಿ, ಹಾಗಾಗಿ ತಿನ್ನುವ ಸಾಮಾನನ್ನು ಮೇಲೆಯೇ ಖಾಲಿ ಮಾಡಬೇಡಿ.

ಎರಡನೆಯದು ಡ್ವಾರ್ವೆನ್ ಮೈನ್‌ನ ಮಾಯಾ ಬಾಗಿಲ ಹಿಂದೆ. ಆ ಬಾಗಿಲಿಗೆ ನಾಲ್ಕು ವಸ್ತು ಬಳಸಬೇಕು: ಸುಡದ ಮಣ್ಣಿನ ಬಟ್ಟಲು, ಲಾಬ್ಸ್ಟರ್ ಪಾಟ್ (ಲಾಬ್ಸ್ಟರ್ ಹಿಡಿಯುವ ಬುಟ್ಟಿ), ರೇಷ್ಮೆ, ವಿಝಾರ್ಡ್ಸ್ ಮೈಂಡ್ ಬಾಂಬ್ ಎಂಬ ಮದ್ಯ. ಪಾಟ್ ಪೋರ್ಟ್ ಸಾರಿಮ್‌ನಲ್ಲಿ, ರೇಷ್ಮೆ ಅಲ್ ಖರೀದ್‌ನಲ್ಲಿ, ಮೈಂಡ್ ಬಾಂಬ್ ಫಲಡೋರ್‌ನ ಬಾರ್‌ನಲ್ಲಿ ಸಿಗುತ್ತದೆ. ಬಟ್ಟಲನ್ನು ಒಲೆಗೆ ಹಾಕಿ ಸುಟ್ಟರೆ ಕೆಲಸ ಕೆಟ್ಟಿತು, ಮೈಂಡ್ ಬಾಂಬ್ ಕುಡಿದರೂ ಅಷ್ಟೇ.

ಮೂರನೆಯದು ಪೋರ್ಟ್ ಸಾರಿಮ್ ಜೈಲಿನ ವರ್ಮ್‌ಬ್ರೈನ್ ಎಂಬ ಗಾಬ್ಲಿನ್ ಕೈಲಿದೆ. 10,000 ಕಾಸು ಕೊಟ್ಟರೆ ತಾನೇ ಕೊಡುತ್ತಾನೆ. ದುಡ್ಡು ಉಳಿಸಬೇಕೆಂದರೆ ಕಂಬಿಯಾಚೆಯಿಂದ ಬಾಣದಲ್ಲೋ ಮಂತ್ರದಲ್ಲೋ ಕೊಂದು, ದೂರದ ವಸ್ತುವನ್ನು ಎಳೆಯುವ ಟೆಲಿಕೈನೆಟಿಕ್ ಗ್ರ್ಯಾಬ್ ಮಂತ್ರದಿಂದ ತುಂಡನ್ನು ಎಳೆದುಕೊಳ್ಳಿ. ಮ್ಯಾಜಿಕ್ ಲೆವೆಲ್ 33, ಮಂತ್ರಕ್ಕೆ ಬೇಕಾಗುವ ಮಾಯಾ ಕಲ್ಲುಗಳಾದ ಒಂದು ಲಾ ರೂನ್, ಒಂದು ಏರ್ ರೂನ್ ಸಾಕು.

ಇನ್ನು ಹಡಗು. ಪೋರ್ಟ್ ಸಾರಿಮ್‌ನ ಕ್ಲಾರೆನ್ಸ್‌ನಿಂದ ‘ಲೇಡಿ ಲುಂಬ್ರಿಡ್ಜ್’ 2,000 ಕಾಸಿಗೆ ಬರುತ್ತದೆ, ತಳದಲ್ಲಿ ತೂತಿನ ಸಮೇತ. 3 ಹಲಗೆ, 90 ಉಕ್ಕಿನ ಮೊಳೆ, ಒಂದು ಸುತ್ತಿಗೆ ಬೇಕು. ಒಂದು ಉಕ್ಕಿನ ಗಟ್ಟಿಗೆ 15 ಮೊಳೆ, ಅಂದರೆ ಆರು ಗಟ್ಟಿ. ಕೆಳಗಿಳಿದು ತೂತಿಗೆ ಮೂರು ಸಲ ಹಲಗೆ ಹೊಡೆಯಿರಿ. ರಿಪೇರಿಯನ್ನು ಮೊದಲೇ ಮುಗಿಸಿಕೊಳ್ಳುವುದು ಜಾಣತನ: ಆಮೇಲೆ ಡ್ರೇನರ್‌ಗೆ ಹೋಗಿ ನೆಡ್‌ನನ್ನು ಕ್ಯಾಪ್ಟನ್ ಆಗಲು ಒಪ್ಪಿಸಿ, ಅಲ್ಲೇ ಇರುವ ಬ್ಯಾಂಕಿನಲ್ಲಿ ಬ್ಯಾಗ್ ಪೂರ್ತಿ ಊಟ ತುಂಬಿಕೊಳ್ಳಬಹುದು. ನಕ್ಷೆಯ ಮೂರು ತುಂಡು ಜೋಡಿಸಿ ಜೊತೆಗಿಟ್ಟುಕೊಂಡಿರಿ.

ಆಂಟಿ-ಡ್ರ್ಯಾಗನ್ ಶೀಲ್ಡ್ ಲುಂಬ್ರಿಡ್ಜ್ ಕೋಟೆಯ ಡ್ಯೂಕ್ ಹೊರೇಷಿಯೊ ಹತ್ತಿರ ಪುಕ್ಕಟೆ. ಇದಿಲ್ಲದೆ ಎಲ್ವಾರ್ಗ್ ಉಗುಳುವ ಬೆಂಕಿ ಒಂದೇ ಏಟಿಗೆ ನಿಮ್ಮ ಪ್ರಾಣದಲ್ಲಿ (ಹಿಟ್‌ಪಾಯಿಂಟ್) 50ಕ್ಕೂ ಹೆಚ್ಚು ಕಸಿಯಬಲ್ಲದು. ಶೀಲ್ಡ್ ಹಿಡಿಯಲು ಒಂದು ಕೈ ಖಾಲಿ ಇರಬೇಕು, ಹಾಗಾಗಿ ಬಿಲ್ಲು, ಎರಡು ಕೈಯ ಕತ್ತಿ ಎರಡನ್ನೂ ಮರೆತುಬಿಡಿ. ರೂನ್ ಲೋಹದ ಬಾಗುಗತ್ತಿ, ಅಂದರೆ ರೂನ್ ಸಿಮಿಟಾರ್ ಒಳ್ಳೆಯದು. ಅದಕ್ಕೆ ಅಟ್ಯಾಕ್ ಲೆವೆಲ್ 40 ಬೇಕು. ಊಟಕ್ಕೆ 12 ಪ್ರಾಣ ತುಂಬುವ ಲಾಬ್ಸ್ಟರ್ ಅಥವಾ 14 ತುಂಬುವ ಸ್ವೋರ್ಡ್‌ಫಿಶ್. ಒಂದು ಸ್ಟ್ರೆಂತ್ ಪೋಶನ್, ಕ್ಷಣದಲ್ಲಿ ವ್ಯಾರಾಕ್‌ಗೆ ಒಯ್ಯುವ ಟೆಲಿಪೋರ್ಟ್ ಮಂತ್ರದ ರೂನ್‌ಗಳೂ ಇರಲಿ. ಹೋಮ್ ಟೆಲಿಪೋರ್ಟ್ ನಂಬಿ ಹೋಗಬೇಡಿ, ಜಗಳದ ನಡುವೆ ಅದು ಕೆಲಸ ಮಾಡುವುದಿಲ್ಲ.

ದ್ವೀಪಕ್ಕೆ ಬಿದ್ದ ಮೇಲೆ ನಿಲ್ಲಬೇಡಿ. ಮಾಸ್ ಜೈಂಟ್‌ಗಳು ಲೆವೆಲ್ 42, ಲೆಸ್ಸರ್ ಡೀಮನ್‌ಗಳು 82. ಅವುಗಳ ಜೊತೆ ಹೊಡೆದಾಡುತ್ತ ಕೂತರೆ ಎಲ್ವಾರ್ಗ್ ಮುಂದೆ ನಿಲ್ಲುವಾಗ ಅರ್ಧ ಊಟ ಮುಗಿದಿರುತ್ತದೆ. ರನ್ ಆನ್ ಮಾಡಿ ನೇರ ಜ್ವಾಲಾಮುಖಿಯ ಬಾಯಿಗೆ ಓಡಿ, ಕೆಳಗಿಳಿಯಿರಿ.

ಇಲ್ಲಿಯೇ ಎಲ್ಲರೂ ಆತುರಪಡುವುದು. ಎಲ್ವಾರ್ಗ್ ಗೂಡಿನ ಒಳಗೆ ಕಾಲಿಡುವ ಮೊದಲು, ಅದನ್ನು ದಾಟಿ ದಕ್ಷಿಣದ ಕೊನೆಗೆ ಹೋಗಿ ಅಲ್ಲಿನ ಗುಪ್ತ ಗೋಡೆಯನ್ನು ತೆರೆಯಿರಿ. ಅದು ಕರಮ್ಜಾದ ಜ್ವಾಲಾಮುಖಿಗೆ ಸೇರುವ ಸುರಂಗ. ಒಮ್ಮೆ ತೆರೆದರೆ ಶಾಶ್ವತ ದಾರಿ: ಸತ್ತರೂ, ಊಟ ಮುಗಿದು ಓಡಿಬಂದರೂ, ಪೋರ್ಟ್ ಸಾರಿಮ್‌ನಿಂದ 30 ಕಾಸಿನ ದೋಣಿಯಲ್ಲಿ ಕರಮ್ಜಾಕ್ಕೆ ಹೋಗಿ ಅಲ್ಲಿಂದಲೇ ಒಳಗೆ ಬರಬಹುದು. ತೆರೆಯದೆ ಹೋದವರು ಮತ್ತೆ ಹಲಗೆ, ಮೊಳೆ ಹುಡುಕಿ ಹಡಗನ್ನು ಮೊದಲಿನಿಂದ ರಿಪೇರಿ ಮಾಡಬೇಕು.

ಎಲ್ವಾರ್ಗ್ ಲೆವೆಲ್ 83, ಪ್ರಾಣ 80. ಒಳಗೆ ಹೋಗುವ ಮುಂಚೆ ಪೋಶನ್ ಕುಡಿಯಿರಿ, ಶೀಲ್ಡ್ ಕೈಯಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿ. ಬ್ಯಾಗ್‌ನಲ್ಲಿದ್ದರೆ ಇದ್ದೂ ಇಲ್ಲದಂತೆ. ದೂರ ನಿಂತರೂ ಬೆಂಕಿ ಬಿಡುತ್ತಾಳೆ, ಆದ್ದರಿಂದ ಹಿಂದೆ ಸರಿದು ಉಸಿರು ತೆಗೆದುಕೊಳ್ಳುತ್ತೇನೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಪ್ರೇಯರ್ ಲೆವೆಲ್ 43 ಇದ್ದವರು ಪ್ರೊಟೆಕ್ಟ್ ಫ್ರಮ್ ಮೆಲೀ ಎಂಬ ಪ್ರಾರ್ಥನೆ ಹಾಕಿಕೊಂಡರೆ ಕಚ್ಚುವ ಏಟು ತಪ್ಪುತ್ತದೆ, ಬೆಂಕಿ ತಪ್ಪುವುದಿಲ್ಲ.

ಎಲ್ವಾರ್ಗ್‌ಳನ್ನು ಕೊಂದು ಅವಳ ತಲೆ ಸಿಕ್ಕ ಮೇಲೆ ವ್ಯಾರಾಕ್‌ಗೆ ಟೆಲಿಪೋರ್ಟ್ ಆಗಿ ಎಡ್ಜ್‌ವಿಲ್‌ನ ಓಝಿಯಾಕ್‌ಗೆ ತೋರಿಸಿ. ಸ್ಟ್ರೆಂತ್, ಡಿಫೆನ್ಸ್ ತಲಾ 18,650 ಎಕ್ಸ್‌ಪೀರಿಯನ್ಸ್, 2 ಕ್ವೆಸ್ಟ್ ಪಾಯಿಂಟ್, ರೂನ್ ಪ್ಲೇಟ್‌ಬಾಡಿ ಎಂಬ ಎದೆಕವಚ ತೊಡುವ ಹಕ್ಕು ಸಿಗುತ್ತದೆ. ಎಲ್ವಾರ್ಗ್ ಮತ್ತೆ ಹುಟ್ಟುವುದಿಲ್ಲ, ಆದರೆ ದ್ವೀಪ ಅಲ್ಲೇ ಇರುತ್ತದೆ. ಅಡಮಂಟೈಟ್ ಅದಿರು ಬೇಕಾದಾಗ ಅದೇ ಸುರಂಗದಿಂದ ಹೋಗಿಬರಬಹುದು.