ಮಳೆಗಾಲದಲ್ಲಿ ಕಿಟಕಿ ಪೂರ್ತಿ ಮುಚ್ಚಿಡಬೇಡಿ

ಎಲ್ಲರಿಗೂ ನಮಸ್ಕಾರ. ಜೂನ್ ಬಂತು ಅಂದ್ರೆ ನಮ್ಮ ಉಡುಪಿ ಕಡೆ ಎಲ್ಲರೂ ಕಿಟಕಿ ಮುಚ್ಚಿ ಕೂರ್ತೇವೆ, ಅಲ್ವಾ? ನಾವೂ ಹಾಗೇ ಮಾಡುತ್ತಿದ್ದೆವು. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಕಪಾಟಿನ ಹಿಂದಿನ ಗೋಡೆಯಲ್ಲಿ ಕಪ್ಪು ಬೂಸ್ಟು, ಮಗಳಿಗೆ ದಿನಾ ಬೆಳಿಗ್ಗೆ ಸೀನು.

ಹೊರಗಿನ ಮಳೆ ಮಾತ್ರ ಕಾರಣ ಅಲ್ಲ. ಕುಚ್ಚಲಕ್ಕಿ ಬೇಯುವ ಆವಿ, ಬಿಸಿನೀರಿನ ಸ್ನಾನ, ರೂಮಿನೊಳಗೆ ಹಗ್ಗ ಕಟ್ಟಿ ಒಣಗಿಸುವ ಬಟ್ಟೆ, ಈ ನೀರೆಲ್ಲ ಮನೆಯೊಳಗೇ ಉಳಿಯುತ್ತದೆ. ಗಾಳಿಯ ತೇವಾಂಶ ತುಂಬಾ ದಿನ 60 ಶೇಕಡಾ ದಾಟಿದರೆ ಬೂಸ್ಟಿಗೂ ಧೂಳಿನ ಹುಳಗಳಿಗೂ ಹಬ್ಬ, ಅಲರ್ಜಿ ಮತ್ತು ಉಬ್ಬಸ ಇದ್ದವರಿಗೆ ಕಷ್ಟ.

ಮಳೆ ಸ್ವಲ್ಪ ಬಿಟ್ಟಾಗ ಎದುರುಬದುರು ಇರುವ ಎರಡು ಕಿಟಕಿ ಹತ್ತು ಹದಿನೈದು ನಿಮಿಷ ತೆರೆಯಿರಿ, ಒಂದೇ ತೆರೆದರೆ ಗಾಳಿ ಸರಿಯಾಗಿ ಹಾಯುವುದಿಲ್ಲ. ಅಡುಗೆ ಮಾಡುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳಷ್ಟು ದೂರ ಇಡಿ. ಎಸಿ ಹಾಕಿದಾಗ ಮಾತ್ರ ಕಿಟಕಿ ಮುಚ್ಚಿರಲಿ, ಇಲ್ಲದಿದ್ದರೆ ಹೊರಗಿನ ಒದ್ದೆ ಗಾಳಿ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ.

ಸ್ಲೈಡಿಂಗ್ ಕಿಟಕಿ ಇದ್ದವರು ಕೆಳಗಿನ ಹಳಿಯನ್ನು ಇವತ್ತೇ ನೋಡಿ. ಅಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮಲ್ಲಿ ಅದು ಮಣ್ಣು, ಸತ್ತ ಇರುವೆಗಳಿಂದ ಕಟ್ಟಿಹೋಗಿತ್ತು. ನೀರು ಒಳಗೆ ಉಕ್ಕಿ ಕೆಳಗಿನ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಹಳೇ ಟೂತ್‌ಬ್ರಷ್, ಒಂದು ಹಿಡಿಸೂಡಿ (ಪೊರಕೆ) ಕಡ್ಡಿ ಸಾಕು, ಐದು ನಿಮಿಷದ ಕೆಲಸ.