ಘಟ್ಟ ದಾಟಿದ ಹಪ್ಪಳದ ಡಬ್ಬ

ನಾನು ಹುಟ್ಟಿದ್ದು ಚಳ್ಳಕೆರೆ ಸೀಮೆಯಲ್ಲಿ, ಮದುವೆಯಾಗಿ ಬಂದದ್ದು ತೀರ್ಥಹಳ್ಳಿಗೆ. ಬರುವಾಗ ಅಮ್ಮ ಒಂದು ದೊಡ್ಡ ಡಬ್ಬದ ತುಂಬಾ ಹಪ್ಪಳ ಕಟ್ಟಿಕೊಟ್ಟಿದ್ದಳು. ತವರಿನಲ್ಲಿ ವರ್ಷ ಇಟ್ಟರೂ ಗರಿಗರಿ ಇರುವ ಹಪ್ಪಳ ಅದು. ಆಷಾಢದಲ್ಲಿ ಮುಚ್ಚಳ ತೆಗೆದರೆ ಪೂರ್ತಿ ಬೂಷ್ಟು! ಅಳು ಬಂತು. ಅತ್ತೆ ಬೈಯಲಿಲ್ಲ. "ಇಲ್ಲಿನ ಗಾಳಿಯೇ ಬೇರೆ ಮಗಳೇ" ಅಂದರು.

ನಿಜವೇ. ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಗೆ ಘಟ್ಟ ಅಡ್ಡ ನಿಂತಿದೆ. ಗಾಳಿ ಮೇಲೇರುತ್ತಾ ತಣ್ಣಗಾಗಿ ಅಲ್ಲೇ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಬಯಲಿಗೆ ಇಳಿಯುವಷ್ಟರಲ್ಲಿ ಗಾಳಿ ಒಣಗಿರುತ್ತದೆ. ಚಳ್ಳಕೆರೆಯಲ್ಲಿ 500 ಮುಟ್ಟುವುದೂ ಕಷ್ಟ.

ಹಾಗಾಗಿ ಮಲೆನಾಡಲ್ಲಿ, ಕರಾವಳಿಯಲ್ಲಿ ಇರುವವರು ಹಪ್ಪಳ ಸಂಡಿಗೆಯನ್ನು ಒಂದೇ ದೊಡ್ಡ ಡಬ್ಬಕ್ಕೆ ತುಂಬಬೇಡಿ. ವಾರಕ್ಕೆ ಬೇಕಾದಷ್ಟು ಸಣ್ಣ ಸಣ್ಣ ಡಬ್ಬ ಮಾಡಿ. ಪ್ರತಿ ಸಲ ಮುಚ್ಚಳ ತೆಗೆದಾಗ ತೇವದ ಗಾಳಿ ಒಳಗೆ ಹೋಗುತ್ತದೆ, ಅಲ್ವಾ? ಬಿಸಿಲಿಂದ ತೆಗೆದ ಕೂಡಲೇ ತುಂಬಬಾರದು, ಪೂರ್ತಿ ಆರಲಿ. ಮಳೆ ಹಿಡಿಯುವ ಮೊದಲು ಇನ್ನೊಮ್ಮೆ ಬಿಸಿಲು ತೋರಿಸಿ. ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಹುರಿದ ಅಕ್ಕಿ ಹಾಕಿದರೆ ಸಾಕು.

ಮಗಳು ಮಂಗಳೂರಲ್ಲಿ ಮನೆ ಮಾಡಿದಾಗ ತವರಿನಿಂದ ಮಣ್ಣಿನ ಮಡಕೆ ತರಿಸಿಕೊಟ್ಟೆ. "ನೀರು ತಣ್ಣಗೇ ಆಗಲ್ಲ ಅಮ್ಮ" ಅಂದಳು. ಮಡಕೆ ಕೆಟ್ಟಿರಲಿಲ್ಲ. ಜಿನುಗಿದ ನೀರು ಹೊರಮೈಯಲ್ಲಿ ಆರಿದರೆ ತಾನೇ ಒಳಗೆ ತಂಪು? ಗಾಳಿಯಲ್ಲೇ ತೇವ ತುಂಬಿದ್ದರೆ ಎಲ್ಲಿ ಆರುತ್ತದೆ! ಸ್ಟ್ಯಾಂಡಿನ ಮೇಲೆ, ಕಿಟಕಿ ಪಕ್ಕ ಗಾಳಿ ಆಡುವ ಕಡೆ ಇಡಲು ಹೇಳಿದೆ. ಸ್ವಲ್ಪ ವಾಸಿ ಆಯಿತು. ಬಳ್ಳಾರಿ, ರಾಯಚೂರಿನವರು ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಸುಮ್ನೆ ನೆರಳಲ್ಲಿಟ್ಟರೂ ನೀರು ತಂಪಾಗುತ್ತದೆ.

ಮೊಸರಿನದೂ ಇದೇ ಕಥೆ. ಸಮುದ್ರ ಹತ್ತಿರ ಇರುವ ಊರಲ್ಲಿ ಚಳಿಗಾಲದ ರಾತ್ರಿಯೂ ಅಷ್ಟು ತಣ್ಣಗಾಗುವುದಿಲ್ಲ. ಅಲ್ಲಿ ಹೆಪ್ಪು ಕಡಿಮೆ ಹಾಕಿ, ಮಲಗುವ ಮುಂಚೆ ಹಾಕಿ, ಇಲ್ಲವಾದರೆ ಬೆಳಗ್ಗೆಗೆ ಹುಳಿ. ಬೀದರ್, ವಿಜಯಪುರದಲ್ಲಿ ಡಿಸೆಂಬರ್ ರಾತ್ರಿ ಮೈ ನಡುಗುತ್ತದೆ. ಉಗುರು ಬೆಚ್ಚಗಿನ ಹಾಲಿಗೆ ಹೆಪ್ಪು ಸ್ವಲ್ಪ ಬೇಗನೇ ಹಾಕಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ, ಅಕ್ಕಿ ಡಬ್ಬದೊಳಗೆ ಹೂತಿಡಿ. ಬೆಳಗ್ಗೆ ಗಟ್ಟಿ ಮೊಸರು ಸಿಗುತ್ತದೆ.